ಗಣಿ ಕಂಪನಿಯ ಕ್ಲಬ್ಬು, ಊರಿನ ತಂಡ: ರೆಕ್ರಿಯಾತಿವೊ ದೆ ಹುವೆಲ್ವಾದ ಚರಿತ್ರೆ

ಸ್ಪೇನಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಎಲ್ಲಕ್ಕಿಂತ ಹಳೆಯದೆಂದು ಮನ್ನಣೆ ಪಡೆದಿರುವ ರೆಕ್ರಿಯಾತಿವೊ ದೆ ಹುವೆಲ್ವಾ 1889ರ ಡಿಸೆಂಬರ್ 23ರಂದು ಹುಟ್ಟಿತು. ಬಾರ್ಸಿಲೋನಾ ಕ್ಲಬ್ಬು ಬಂದದ್ದು ಅದಾಗಿ ಹತ್ತು ವರ್ಷಕ್ಕೆ, ರಿಯಲ್ ಮ್ಯಾಡ್ರಿಡ್ 1902ರಲ್ಲಿ. ವಯಸ್ಸಿನಲ್ಲಿ ಇಷ್ಟು ಹಿರಿದಾದ ಈ ಸಂಸ್ಥೆ ಮೊದಲ ದರ್ಜೆಯ ಲೀಗಿನಲ್ಲಿ ಆಡಿದ್ದು ಒಟ್ಟು ಐದೇ ಋತು. ರಾಷ್ಟ್ರೀಯ ಕಪ್ಪಿನ ಫೈನಲ್ ತಲುಪಿದ್ದು ಒಂದೇ ಸಲ, ಅದನ್ನೂ ಸೋತಿತು. ಉಳಿದ ಕಾಲವೆಲ್ಲ ಎರಡು, ಮೂರು, ನಾಲ್ಕನೆಯ ದರ್ಜೆಗಳಲ್ಲಿ, ಒಂದು ವರ್ಷ ಐದನೆಯದರಲ್ಲೂ ಕಳೆದಿದೆ. ಗೆಲುವಿನ ಪಟ್ಟಿಯಿಂದ ಇದರ ಚರಿತ್ರೆಯನ್ನು ಬರೆಯಲಾಗುವುದಿಲ್ಲ. ಒಂದು ವಿದೇಶಿ ಕಂಪನಿಯ ಅಧಿಕಾರಿಗಳು ತಮ್ಮ ವಿರಾಮಕ್ಕೆಂದು ಕಟ್ಟಿಕೊಂಡ ಕೂಟ ಆ ಕಂಪನಿಯ ದೊರೆತನ ಮುಗಿದ ಮೇಲೂ ಊರಿನ ಕೈಯಲ್ಲಿ ಉಳಿದ ಬಗೆ, ಅದನ್ನು ಉಳಿಸಿಕೊಳ್ಳಲು ಊರು ತೆತ್ತ ಬೆಲೆ, ಇವೇ ಅದರ ನಿಜವಾದ ವಸ್ತು.

ಹುವೆಲ್ವಾ ಇರುವುದು ಸ್ಪೇನಿನ ನೈಋತ್ಯದ ಅಂಚಿನಲ್ಲಿ, ಆಂಡಲೂಸಿಯಾ ಪ್ರಾಂತದಲ್ಲಿ, ಪೋರ್ಚುಗಲ್ ಗಡಿಗೆ ಹತ್ತಿರ. ಒದಿಯೆಲ್ ಮತ್ತು ಟಿಂಟೊ ನದಿಗಳು ಇಲ್ಲಿ ಕೂಡಿ ಅಟ್ಲಾಂಟಿಕ್ ಸಾಗರ ಸೇರುತ್ತವೆ. ಟಿಂಟೊ ನದಿಯ ನೀರು ಕೆಂಪು. ಮೇಲ್ದಂಡೆಯ ಬೆಟ್ಟಗಳಲ್ಲಿರುವ ಗಂಧಕಯುಕ್ತ ತಾಮ್ರ ಮತ್ತು ಕಬ್ಬಿಣದ ಅದಿರೇ ಆ ಬಣ್ಣಕ್ಕೆ ಕಾರಣ. ಫಿನೀಷಿಯನ್ನರ ಕಾಲದಿಂದ, ಅದಕ್ಕೂ ಹೆಚ್ಚಾಗಿ ರೋಮನ್ನರ ಕಾಲದಲ್ಲಿ, ಈ ಬೆಟ್ಟಗಳನ್ನು ಅಗೆಯಲಾಗಿತ್ತು. ಹತ್ತೊಂಬತ್ತನೆಯ ಶತಮಾನದ ಸ್ಪೇನ್ ಸರ್ಕಾರಕ್ಕೆ ಗಣಿ ಇತ್ತು, ಅದನ್ನು ನಡೆಸುವ ಬಂಡವಾಳ ಇರಲಿಲ್ಲ. ರಾಜಕೀಯ ಕ್ಷೋಭೆಯ ನಡುವೆ ಖಜಾನೆ ಬರಿದಾಗಿದ್ದ 1873ರಲ್ಲಿ ಗಣಿಯನ್ನು ಮಾರಿಬಿಟ್ಟಿತು. ಹುವೆಲ್ವಾದಲ್ಲಿ ನೆಲೆಸಿದ್ದ ಸುಂಡ್‌ಹೈಮ್ ಮತ್ತು ಡೋಟ್ಶ್ ಎಂಬ ಜರ್ಮನ್ ವರ್ತಕರು ಸುದ್ದಿಯನ್ನು ಲಂಡನ್ನಿಗೆ ಮುಟ್ಟಿಸಿದ್ದರು. ಸ್ಕಾಟ್‌ಲೆಂಡ್ ಮೂಲದ ಹ್ಯೂ ಮ್ಯಾಥೆಸನ್ ಮುಂದಾಳುತನದ ಕೂಟವೊಂದು 9 ಕೋಟಿ 28 ಲಕ್ಷ ಪೆಸೆಟಾಗಳಿಗೆ ಗಣಿಯನ್ನು ಕೊಂಡು ರಿಯೊ ಟಿಂಟೊ ಕಂಪನಿಯನ್ನು ಸ್ಥಾಪಿಸಿತು. ಎರಡೇ ವರ್ಷದಲ್ಲಿ ಗಣಿಯಿಂದ ಬಂದರಿನವರೆಗೆ 84 ಕಿಲೋಮೀಟರ್ ರೈಲುದಾರಿ ಸಿದ್ಧವಾಯಿತು. 1876ರಲ್ಲಿ ಒದಿಯೆಲ್ ನದಿಯ ಮೇಲೆ ಅದಿರು ಹೇರುವ ಕಬ್ಬಿಣದ ಕಟ್ಟೆ ಎದ್ದು ನಿಂತಿತು. ಮುಂದೆ ನೂರು ವರ್ಷ, ಅಂದರೆ 1975ರವರೆಗೆ, ಅದರ ಮೇಲಿಂದ ಅದಿರು ಹಡಗಿಗೆ ಬೀಳುತ್ತಲೇ ಇತ್ತು.

ಮೀನುಗಾರರ ಸಣ್ಣ ಪಟ್ಟಣವಾಗಿದ್ದ ಹುವೆಲ್ವಾ ಹೀಗೆ ಒಂದು ತಲೆಮಾರಿನೊಳಗೆ ಕಂಪನಿ ಪಟ್ಟಣವಾಯಿತು. ಕನ್ನಡದ ಓದುಗರಿಗೆ ಇದನ್ನು ಅರಿಯಲು ದೂರ ಹೋಗಬೇಕಿಲ್ಲ. ಅದೇ ದಶಕಗಳಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಕೈಗೆತ್ತಿಕೊಂಡ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಅದಕ್ಕೂ ಮೊದಲೇ ಆಂಡಲೂಸಿಯಾದ ಲಿನಾರೆಸ್‌ನಲ್ಲಿ ಸೀಸದ ಗಣಿಗಳನ್ನು ನಡೆಸುತ್ತಿತ್ತು. ಬೆಟ್ಟದ ಮೇಲೆ ದೊರೆಗಳ ಬಂಗಲೆ, ಕೆಳಗೆ ಕೂಲಿಗಳ ಸಾಲುಮನೆ, ನಡುವೆ ಕ್ಲಬ್ಬು, ಚರ್ಚು, ಟೆನಿಸ್ ಅಂಕಣ: ಕೋಲಾರದ ಈ ನಕ್ಷೆಯೇ ಗಣಿಯ ಊರು ರಿಯೊ ಟಿಂಟೊದಲ್ಲೂ ಇತ್ತು. ಅಲ್ಲಿನ ಬಂಗಲೆಗಳ ಬಡಾವಣೆಯ ಹೆಸರು ಬೆಲ್ಯಾ ವಿಸ್ತಾ. ಅದನ್ನು ಗೋಡೆ ಕಟ್ಟಿ ಬೇರ್ಪಡಿಸಲಾಗಿತ್ತು.

ಕ್ಲಬ್ಬಿನ ಹುಟ್ಟನ್ನು ಹೇಳುವವರು ಸಾಮಾನ್ಯವಾಗಿ ಈ ಗೋಡೆಯ ಒಳಗಿನ ಕಥೆಯನ್ನಷ್ಟೇ ಹೇಳುತ್ತಾರೆ. ಹೊರಗಿನದನ್ನೂ ಹೇಳಬೇಕು. ಕಂಪನಿ ತಾಮ್ರದ ಅದಿರನ್ನು ಬಯಲಿನಲ್ಲಿ ರಾಶಿ ಹಾಕಿ ತಿಂಗಳುಗಟ್ಟಲೆ ಸುಡುತ್ತಿತ್ತು. ಗಂಧಕದ ಹೊಗೆ ಸುತ್ತಲ ಹಳ್ಳಿಗಳ ಮೇಲೆ ಕವಿದು ಬೆಳೆಯನ್ನು ಕೆಡಿಸುತ್ತಿತ್ತು, ಗಣಿ ಕೆಲಸಗಾರರ ಉಸಿರುಗಟ್ಟಿಸುತ್ತಿತ್ತು. ಹೊಗೆ ದಟ್ಟವಾಗಿ ಕೆಲಸ ನಿಂತ ದಿನ ಕೂಲಿಯೂ ಕಡಿತವಾಗುತ್ತಿತ್ತು. ಸುಡುವುದನ್ನು ನಿಲ್ಲಿಸಬೇಕು, ವೈದ್ಯಕೀಯ ಸೇವೆಯ ಹೆಸರಿನಲ್ಲಿ ಸಂಬಳದಿಂದ ಹಿಡಿಯುವ ಒಂದು ಪೆಸೆಟಾವನ್ನು ಬಿಡಬೇಕು, ಕೆಲಸದ ಹೊತ್ತನ್ನು ಇಳಿಸಬೇಕು ಎಂದು ಗಣಿಯಾಳುಗಳೂ ರೈತರೂ ಜೊತೆಗೂಡಿ 1888ರ ಫೆಬ್ರವರಿ 4ರಂದು ಮೆರವಣಿಗೆ ಬಂದರು. ಹೆಂಗಸರು ಮಕ್ಕಳೂ ಇದ್ದ ಆ ಗುಂಪಿನ ಮೇಲೆ ಸೈನಿಕರು ಗುಂಡು ಹಾರಿಸಿದರು. ಅಧಿಕೃತ ಲೆಕ್ಕದಲ್ಲಿ ಸತ್ತವರು 13. ಅಲ್ಲಿನ ಜನರ ನೆನಪಿನ ಲೆಕ್ಕ ಅದರ ಹತ್ತು ಪಟ್ಟಿಗೂ ಮೀರಿದ್ದು. ಆ ವರ್ಷವನ್ನು ಹುವೆಲ್ವಾ ಸೀಮೆಯವರು ಇಂದಿಗೂ ‘ಗುಂಡಿನ ವರ್ಷ’ ಎಂದೇ ಕರೆಯುತ್ತಾರೆ. ಸ್ಪೇನಿನ ಮೊದಲ ಫುಟ್‌ಬಾಲ್ ಕ್ಲಬ್ಬು ಸ್ಥಾಪನೆಯಾದದ್ದು ಇದಾಗಿ ಎರಡು ವರ್ಷ ತುಂಬುವ ಮೊದಲು, ಅದೇ ಕಂಪನಿಯ ಜನರ ನಡುವೆ. ಎರಡಕ್ಕೂ ನೇರ ಕಾರ್ಯಕಾರಣ ಸಂಬಂಧವಿಲ್ಲ. ಆದರೆ ಒಂದನ್ನು ಮರೆತು ಇನ್ನೊಂದನ್ನು ಹೇಳಿದರೆ ಅದು ಚರಿತ್ರೆಯಾಗದೆ ಜಾಹೀರಾತಾಗುತ್ತದೆ.

ಸ್ಥಾಪಕರಲ್ಲಿ ಪ್ರಮುಖ ಹೆಸರು ವಿಲಿಯಂ ಅಲೆಕ್ಸಾಂಡರ್ ಮೆಕೇ. ಸ್ಕಾಟ್‌ಲೆಂಡಿನ ಉತ್ತರ ತುದಿಯ ಲಿಬ್‌ಸ್ಟರ್ ಎಂಬ ಹಳ್ಳಿಯವನು, ಹುವೆಲ್ವಾದಲ್ಲಿ ಕಂಪನಿಯ ವೈದ್ಯ. ವ್ಯಾಯಾಮವೂ ಬಯಲಾಟವೂ ಔಷಧಿಯಷ್ಟೇ ಮುಖ್ಯವೆಂದು ನಂಬಿದ್ದ ಆ ಕಾಲದ ಬ್ರಿಟಿಷ್ ವೈದ್ಯರ ಪೀಳಿಗೆಗೆ ಸೇರಿದವನು. ಕಂಪನಿಯ ಕಡೆಯವರು ಊರಿನಲ್ಲಿ ಅದಕ್ಕೂ ಮುಂಚೆಯೇ ತಮ್ಮತಮ್ಮಲ್ಲಿ ಚೆಂಡಾಡುತ್ತಿದ್ದರು, ಬಂದರಿಗೆ ಬಂದ ಹಡಗುಗಳ ನಾವಿಕರ ಜೊತೆಗೂ ಆಡುತ್ತಿದ್ದರು. ಇದಕ್ಕೊಂದು ನಿಯಮಬದ್ಧ ಸಂಘದ ರೂಪ ಕೊಡಲು 1889ರ ಡಿಸೆಂಬರ್‌ನಲ್ಲಿ ಕೊಲೋನ್ ಹೋಟೆಲಿನಲ್ಲಿ ಸಭೆ ಸೇರಿತು. ಗಣಿಯ ಸುದ್ದಿಯನ್ನು ಲಂಡನ್ನಿಗೆ ಮುಟ್ಟಿಸಿದ ಅದೇ ಸುಂಡ್‌ಹೈಮ್ ಕೆಲ ವರ್ಷಗಳ ಹಿಂದೆ ಕಟ್ಟಿಸಿದ್ದ ಐಷಾರಾಮಿ ಹೋಟೆಲು ಅದು. ಸಂಘಕ್ಕೆ ‘ಹುವೆಲ್ವಾ ರಿಕ್ರಿಯೇಶನ್ ಕ್ಲಬ್’ ಎಂದು ಹೆಸರಿಟ್ಟರು. ಮೊದಲ ಅಧ್ಯಕ್ಷನಾದವನು ಚಾರ್ಲ್ಸ್ ವಿಲ್ಸನ್ ಆಡಮ್. ಫುಟ್‌ಬಾಲಿನ ಜೊತೆಗೆ ಕ್ರಿಕೆಟ್, ಟೆನಿಸ್, ಓಟ ಜಿಗಿತಗಳೂ ಸಂಘದ ಉದ್ದೇಶದಲ್ಲಿದ್ದವು. ಸಂಘ ಬರಿಯ ಬ್ರಿಟಿಷರ ಕೂಟವಾಗಿರಲಿಲ್ಲ, ಊರಿನ ಅನುಕೂಲಸ್ಥ ಸ್ಪ್ಯಾನಿಷ್ ಮನೆತನದವರಿಗೂ ಜರ್ಮನ್ ವರ್ತಕರಿಗೂ ಮೊದಲಿನಿಂದ ಅದರಲ್ಲಿ ಜಾಗವಿತ್ತು. ಗಣಿಯಾಳಿಗೆ ಮಾತ್ರ ಇರಲಿಲ್ಲ.

ಸಂಘ ಹುಟ್ಟಿದ ಮೂರು ತಿಂಗಳೊಳಗೆ ಎದುರಾಳಿಯೂ ಸಿಕ್ಕಿತು. ಸೆವಿಲ್ಲಾ ನಗರದಲ್ಲಿದ್ದ ಬ್ರಿಟಿಷರೂ ಅವರ ಸ್ಪ್ಯಾನಿಷ್ ಗೆಳೆಯರೂ 1890ರ ಜನವರಿ 25ರಂದು ಸೆವಿಲ್ಲಾ ಫುಟ್‌ಬಾಲ್ ಕ್ಲಬ್ಬನ್ನು ಕಟ್ಟಿಕೊಂಡಿದ್ದರು. ಅದರ ಕಾರ್ಯದರ್ಶಿ ಇಸಯಾಸ್ ವೈಟ್ ಫೆಬ್ರವರಿ 25ರಂದು ಹುವೆಲ್ವಾಕ್ಕೆ ಪತ್ರ ಬರೆದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಶನ್ನಿನ ನಿಯಮಗಳಂತೆ ಒಂದು ಪಂದ್ಯ ಆಡೋಣವೆಂದು ಕರೆದ. ಮಾರ್ಚ್ 8ರಂದು ಸೆವಿಲ್ಲಾದ ತಬ್ಲಾದಾ ಕುದುರೆಪಂದ್ಯದ ಮೈದಾನದಲ್ಲಿ ಆಟ ನಡೆಯಿತು. ಎರಡೂ ಕಡೆ ಹೆಚ್ಚಿನವರು ಬ್ರಿಟಿಷರು, ಒಬ್ಬಿಬ್ಬರಷ್ಟೇ ಸ್ಪ್ಯಾನಿಷರು. ಸೆವಿಲ್ಲಾ 2-0ಯಿಂದ ಗೆದ್ದಿತು. ಅಂಗೀಕೃತ ನಿಯಮಗಳಡಿ ಎರಡು ಕ್ಲಬ್ಬುಗಳ ನಡುವೆ ಸ್ಪೇನಿನಲ್ಲಿ ನಡೆದ, ದಾಖಲೆಯಿರುವ ಮೊದಲ ಪಂದ್ಯವೆಂದು ಇದನ್ನು ಎಣಿಸಲಾಗುತ್ತದೆ. ದೇಶದ ಅತಿ ಹಳೆಯ ಕ್ಲಬ್ಬು ದೇಶದ ಮೊದಲ ಪಂದ್ಯವನ್ನು ಸೋತಿತು. ಅದರ ಮುಂದಿನ ಚರಿತ್ರೆಗೆ ಇದು ಹೊಂದದ ಆರಂಭವೇನಲ್ಲ.

ಹಿರಿತನದ ಈ ಪಟ್ಟ ವಾದವಿಲ್ಲದೆ ದಕ್ಕಿದ್ದಲ್ಲ. ತರಗೋನಾದ ಜಿಮ್ನಾಸ್ಟಿಕ್ ಕ್ಲಬ್ಬು 1886ರಷ್ಟು ಹಳೆಯದು, ಆದರೆ ಅದು ಹೆಸರೇ ಹೇಳುವಂತೆ ಅಂಗಸಾಧನೆಯ ಸಂಘವಾಗಿ ಹುಟ್ಟಿದ್ದು. ಅಲ್ಲಿ ಫುಟ್‌ಬಾಲ್ ವಿಭಾಗ ಬಂದದ್ದು 1914ರಲ್ಲಿ. ಗಣಿಯ ಊರಾದ ರಿಯೊ ಟಿಂಟೊದಲ್ಲಿ 1870ರ ದಶಕದಿಂದಲೇ ಆಟ ನಡೆಯುತ್ತಿತ್ತು ಎಂಬ ಹೆಮ್ಮೆ ಅಲ್ಲಿಯವರಿಗೆ ಇದೆ. ಆದರೆ ಅಲ್ಲಿ ಅಂದು ಇದ್ದ ಕೂಟಗಳಾವುವೂ ಫುಟ್‌ಬಾಲ್ ಕ್ಲಬ್ಬಾಗಿ ಇಂದಿನವರೆಗೆ ಬಾಳಲಿಲ್ಲ. ಎಲ್ಲಕ್ಕಿಂತ ಸ್ವಾರಸ್ಯದ್ದು ಸೆವಿಲ್ಲಾದ ಪ್ರಕರಣ. ಆ ಕ್ಲಬ್ಬು ಬಹುಕಾಲ ತನ್ನ ಹುಟ್ಟನ್ನು 1905 ಎಂದೇ ನಂಬಿ 2005ರಲ್ಲಿ ಶತಮಾನೋತ್ಸವವನ್ನೂ ಆಚರಿಸಿತು. ಆಮೇಲೆ ಸ್ಕಾಟ್‌ಲೆಂಡಿನ ಡಂಡೀ ಪಟ್ಟಣದ ಪತ್ರಿಕೆಯೊಂದರ 1890ರ ಮಾರ್ಚ್ ಸಂಚಿಕೆಯಲ್ಲಿ ಸೆವಿಲ್ಲಾ ಕ್ಲಬ್ಬಿನ ಸ್ಥಾಪನೆಯ ವರದಿ ಸಿಕ್ಕಿತು. ಒಂದೇ ಏಟಿಗೆ ಕ್ಲಬ್ಬಿನ ವಯಸ್ಸು ಹದಿನೈದು ವರ್ಷ ಏರಿತು. ಹಾಗಿದ್ದೂ ಹುವೆಲ್ವಾಕ್ಕಿಂತ ಅದು ಒಂದು ತಿಂಗಳು ಎರಡು ದಿನ ಚಿಕ್ಕದಾಗಿಯೇ ಉಳಿಯಿತು. ಶುರುವಿನಿಂದಲೂ ಫುಟ್‌ಬಾಲ್ ಆಡುತ್ತ ಬಂದು, ಇಂದಿಗೂ ಆಡುತ್ತಿರುವ ಕ್ಲಬ್ಬು ಯಾವುದು ಎಂದು ಕೇಳಿದರೆ ಹುವೆಲ್ವಾದ ಹೆಸರು ಮೊದಲು ಬರುತ್ತದೆ. ಅಭಿಮಾನಿಗಳ ಬಾಯಲ್ಲಿ ತಂಡ ‘ರೆಕ್ರೆ’, ಪತ್ರಿಕೆಗಳ ಬರಹದಲ್ಲಿ ‘ಡೆಕಾನೊ’, ಅಂದರೆ ಎಲ್ಲರಿಗೂ ಹಿರಿಯ. ಅಂಗಿಯ ಬಣ್ಣ ನೀಲಿ ಬಿಳಿ ಪಟ್ಟೆ.

ಮೊದಲ ದಶಕಗಳಲ್ಲಿ ಕ್ಲಬ್ಬು ಊರಿನ ಸಾಮಾಜಿಕ ಜೀವನದ ನಡುವೆ ಇತ್ತು. ಕೊಲಂಬಸ್ ತನ್ನ ಮೊದಲ ಯಾನಕ್ಕೆ ಹಾಯಿ ಬಿಚ್ಚಿದ್ದು ಹುವೆಲ್ವಾದ ಎದುರು ದಡದ ಪಾಲೋಸ್ ಬಂದರಿನಿಂದ, 1492ರ ಆಗಸ್ಟ್ 3ರಂದು. ಅದರ ನಾನೂರನೆಯ ವರ್ಷವನ್ನು ಪಟ್ಟಣ 1892ರಲ್ಲಿ ಅದ್ದೂರಿಯಾಗಿ ಆಚರಿಸಿತು. ಆ ಸಂಭ್ರಮದ ಭಾಗವಾಗಿ ಸೈಕಲ್ ಓಟದ ಪಥವಿದ್ದ ‘ವೆಲೊದ್ರೊಮೊ’ ಕ್ರೀಡಾಂಗಣ ತೆರೆಯಿತು. ರೆಕ್ರೆ ಮುಂದೆ ಅರವತ್ತಕ್ಕೂ ಹೆಚ್ಚು ವರ್ಷ ಆಡಿದ್ದು ಅಲ್ಲಿಯೇ. ಕ್ಲಬ್ಬಿನ ಟೆನಿಸ್ ಶಾಖೆ 1912ರಲ್ಲಿ ದೊರೆ ಹದಿಮೂರನೆಯ ಅಲ್ಫೋನ್ಸೊನ ಹೆಸರಿನಲ್ಲಿ ಶುರುಮಾಡಿದ ಪಂದ್ಯಾವಳಿ ಸ್ಪೇನಿನ ಅತಿ ಹಳೆಯ ಟೆನಿಸ್ ಸ್ಪರ್ಧೆಯಾಗಿ ಹುವೆಲ್ವಾದಲ್ಲಿ ಇಂದಿಗೂ ನಡೆಯುತ್ತಿದೆ. ಫುಟ್‌ಬಾಲಿನಲ್ಲಿ ರಾಜನ ಕಪ್ಪಿಗಾಗಿ 1906ರಲ್ಲಿ ಮ್ಯಾಡ್ರಿಡಿನಲ್ಲಿ ಆಡಿದ ಮೂರೇ ತಂಡಗಳಲ್ಲಿ ಹುವೆಲ್ವಾ ಒಂದು. ಇನ್ನೆರಡು ಬಿಲ್ಬಾವೊದ ಅಥ್ಲೆಟಿಕ್ ಮತ್ತು ಆತಿಥೇಯ ಮ್ಯಾಡ್ರಿಡ್. ಮರುವರ್ಷವೂ ಅದು ಭಾಗವಹಿಸಿತು. ಎರಡು ಸಲವೂ ಕಪ್ಪು ಮ್ಯಾಡ್ರಿಡಿನಲ್ಲೇ ಉಳಿಯಿತು. ದೇಶದ ಉತ್ತರದಲ್ಲಿ, ರಾಜಧಾನಿಯಲ್ಲಿ, ಬಾರ್ಸಿಲೋನಾದಲ್ಲಿ ಆಟ ಕಾಳ್ಗಿಚ್ಚಿನಂತೆ ಹಬ್ಬುತ್ತಿದ್ದಾಗ ಮೊದಲು ಕಿಡಿ ಹೊತ್ತಿಸಿದ ಊರು ಹಿಂದೆ ಬೀಳತೊಡಗಿತ್ತು.

ಹಿಂದೆ ಬಿದ್ದದ್ದಕ್ಕೆ ಕಾರಣ ಸರಳ. ಕ್ಲಬ್ಬಿನ ಬೇರು ಊರಿನ ಜನಸಂಖ್ಯೆಯಲ್ಲಿರಲಿಲ್ಲ, ಕಂಪನಿಯ ವಸಾಹತಿನಲ್ಲಿತ್ತು. ದೊಡ್ಡ ನಗರಗಳಲ್ಲಿ ಪ್ರೇಕ್ಷಕರ ಟಿಕೆಟ್ ಹಣದಿಂದ ಕ್ಲಬ್ಬುಗಳು ಬೆಳೆದವು. ಇಲ್ಲಿ ಅಷ್ಟು ಪ್ರೇಕ್ಷಕರೇ ಇರಲಿಲ್ಲ. ರಾಷ್ಟ್ರೀಯ ಲೀಗ್ 1929ರಲ್ಲಿ ಆರಂಭವಾದಾಗ ಮೊದಲ ದರ್ಜೆಯ ಹತ್ತು ತಂಡಗಳಲ್ಲಿ ರೆಕ್ರೆ ಇರಲಿಲ್ಲ. ಸೆವಿಲ್ಲಾ ಮತ್ತು ಬೆಟಿಸ್ ಎರಡನೆಯ ದರ್ಜೆಯಿಂದ ಮೇಲಕ್ಕೇರುತ್ತಿದ್ದ ಆ ವರ್ಷಗಳಲ್ಲಿ ಹುವೆಲ್ವಾದ ತಂಡ ಪ್ರಾಂತೀಯ ಪಂದ್ಯಗಳಲ್ಲಿ ಆಡಿಕೊಂಡಿತ್ತು. ಆದರೆ ಇದೇ ಕಾಲದಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ಬ್ರಿಟಿಷ್ ಹೆಸರುಗಳು ಒಂದೊಂದಾಗಿ ಮರೆಯಾಗಿ ಆಟಗಾರರೂ ಪದಾಧಿಕಾರಿಗಳೂ ಹುವೆಲ್ವಾದವರೇ ಆದರು. ‘ರಿಕ್ರಿಯೇಶನ್ ಕ್ಲಬ್’ ‘ರೆಕ್ರಿಯಾತಿವೊ’ ಆಯಿತು. ಮೆಕೇ 1927ರಲ್ಲಿ ತೀರಿಕೊಂಡ. ಕಂಪನಿಯೂ 1954ರಲ್ಲಿ ತನ್ನ ಸ್ಪೇನಿನ ಗಣಿಗಳ ಮೂರನೆಯ ಎರಡು ಪಾಲನ್ನು ಸ್ಪ್ಯಾನಿಷ್ ಬ್ಯಾಂಕುಗಳಿಗೆ ಮಾರಿತು. ದೊರೆಗಳು ಹೋದರು, ಅವರು ಬಿಟ್ಟುಹೋದ ಆಟ ಅವರು ಆಳುಗಳಾಗಿ ಕಂಡವರ ಮಕ್ಕಳ ಆಟವಾಗಿತ್ತು.

ಐವತ್ತರ ದಶಕದ ಕೊನೆಯಿಂದ ಕ್ಲಬ್ಬಿನ ಎರಡನೆಯ ಬಾಳು ಶುರುವಾಗುತ್ತದೆ. 1957ರಲ್ಲಿ ನಗರಸಭೆ ಹೊಸ ಕ್ರೀಡಾಂಗಣ ಕಟ್ಟಿಕೊಟ್ಟಿತು. ಅದಕ್ಕೆ ಮುಂದೆ ಕೊಲಂಬಸನ ನೆನಪಿನಲ್ಲಿ ‘ಕೊಲೊಂಬಿನೊ’ ಎಂಬ ಹೆಸರು ನಿಂತಿತು. 1964ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಹುವೆಲ್ವಾವನ್ನು ಕೈಗಾರಿಕಾ ಉತ್ತೇಜನ ವಲಯವೆಂದು ಘೋಷಿಸಿತು. ರಾಸಾಯನಿಕ ಕಾರ್ಖಾನೆಗಳು, ತೈಲ ಶುದ್ಧೀಕರಣ ಘಟಕ ಬಂದವು, ಜೊತೆಗೆ ಸಾವಿರಾರು ಕಾರ್ಮಿಕರು. ಹೊಗೆಯೂ ಬಂತು, ಆ ಊರಿಗೆ ಅದು ಹೊಸದಲ್ಲ. ಮರುವರ್ಷ ಆಗಸ್ಟಿನ ಕೊಲಂಬಸ್ ಉತ್ಸವದ ಜೊತೆ ‘ಟ್ರೋಫಿ ಕೊಲೊಂಬಿನೊ’ ಎಂಬ ಬೇಸಿಗೆ ಪಂದ್ಯಾವಳಿ ಆರಂಭವಾಯಿತು. ಗೆದ್ದವರಿಗೆ ಕೊಲಂಬಸನ ಹಾಯಿಹಡಗಿನ ಆಕಾರದ ಪಾರಿತೋಷಕ. ದೊಡ್ಡ ಕ್ಲಬ್ಬುಗಳು ಲೀಗಿಗೆ ಮುಂಚಿನ ತಾಲೀಮಿಗಾಗಿ ಇಲ್ಲಿಗೆ ಬರುತ್ತಿದ್ದವು. ವರ್ಷವಿಡೀ ಕೆಳದರ್ಜೆಯ ಆಟ ನೋಡುವ ಊರಿಗೆ ಮೇಲಿನ ದರ್ಜೆಯ ಆಟ ಕಣ್ಣಿಗೆ ಬೀಳುತ್ತಿದ್ದದ್ದು ಈ ಕೆಲವು ದಿನಗಳಲ್ಲಿ ಮಾತ್ರ.

ಹುಟ್ಟಿ ಎಂಬತ್ತೆಂಟು ವರ್ಷ ಕಳೆದ ಮೇಲೆ ಕ್ಲಬ್ಬು ಮೊದಲ ದರ್ಜೆಗೆ ಏರಿತು. ತರಬೇತುದಾರ ಯುಸೇಬಿಯೊ ರಿಯೋಸ್ ಕೈಯಡಿ 1977-78ರಲ್ಲಿ ಎರಡನೆಯ ದರ್ಜೆಯಲ್ಲಿ ಜರಗೋಸಾದ ಹಿಂದೆ ಎರಡನೆಯ ಸ್ಥಾನ ಬಂದು ಬಡ್ತಿ ಸಿಕ್ಕಿತು. ಆ ಭಾಗ್ಯ ಒಂದೇ ವರ್ಷದ್ದು. 1978-79ರಲ್ಲಿ ಹದಿನೆಂಟು ತಂಡಗಳ ಪಟ್ಟಿಯಲ್ಲಿ ಕೊನೆಯದಾಗಿ ಕೆಳಕ್ಕಿಳಿಯಿತು. ಎಂಬತ್ತರ ದಶಕವನ್ನು ಎರಡನೆಯ ದರ್ಜೆಯಲ್ಲಿ ಏಳುಬೀಳಿಲ್ಲದೆ ಕಳೆದು, ನೂರು ವರ್ಷ ತುಂಬಿದ 1989-90ರ ಋತುವಿನಲ್ಲಿಯೇ ಮೂರನೆಯದಕ್ಕೆ ಜಾರಿತು. ಅಲ್ಲಿಂದ ಎದ್ದು ಬರಲು ಎಂಟು ವರ್ಷ ಬೇಕಾಯಿತು.

ಹೊಸ ಶತಮಾನದ ಮೊದಲ ದಶಕ ಕ್ಲಬ್ಬಿನ ಬಾಳಿನಲ್ಲಿ ಹಿಂದೆಂದೂ ಇಲ್ಲದ, ಮುಂದೆಯೂ ಮರಳದ ಏರುಗಾಲ. 2001ರಲ್ಲಿ ಒದಿಯೆಲ್ ದಂಡೆಯ ಬಳಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಆಸನಗಳ ‘ನುವೆವೊ ಕೊಲೊಂಬಿನೊ’ ಕ್ರೀಡಾಂಗಣ ತೆರೆಯಿತು. ಆ ಋತುವಿನ ಕೊನೆಗೇ ಲೂಕಾಸ್ ಅಲ್ಕರಾಸ್ ತರಬೇತಿಯಲ್ಲಿ ತಂಡ ಮೊದಲ ದರ್ಜೆಗೆ ಬಡ್ತಿ ಪಡೆಯಿತು. 2002-03 ವಿಚಿತ್ರವಾದ ವರ್ಷ. ಲೀಗಿನಲ್ಲಿ ಹದಿನೆಂಟನೆಯ ಸ್ಥಾನಕ್ಕೆ ಕುಸಿದು ಹಿಂಬಡ್ತಿಯಾಯಿತು. ಅದೇ ತಂಡ ರಾಜನ ಕಪ್ಪಿನಲ್ಲಿ ಫೈನಲ್‌ವರೆಗೂ ನಡೆದುಬಿಟ್ಟಿತು. 2003ರ ಜೂನ್ 28ರಂದು ಎಲ್ಚೆ ನಗರದಲ್ಲಿ ನಡೆದ ಆ ಪಂದ್ಯಕ್ಕೆ ಹುವೆಲ್ವಾದ ಜನ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊರಟರು. ಎದುರಾಳಿ ಮಯೋರ್ಕಾ. ಆ ತಂಡದಲ್ಲಿ ಸ್ಯಾಮುಯೆಲ್ ಎಟೊ ಇದ್ದ. ಪಾಂಡಿಯಾನಿ ಒಂದು, ಎಟೊ ಎರಡು ಗೋಲು ಹೊಡೆದರು, ರೆಕ್ರೆ ಒಂದೂ ಹೊಡೆಯಲಿಲ್ಲ. ನೂರ ಹದಿಮೂರು ವರ್ಷದ ಕ್ಲಬ್ಬಿನ ಏಕೈಕ ಫೈನಲ್ ಹೀಗೆ ಮುಗಿಯಿತು.

ಮತ್ತೆ ಮೇಲಕ್ಕೆ ಒಯ್ದವನು ಮಾರ್ಸೆಲಿನೊ ಗಾರ್ಸಿಯಾ ತೋರಲ್. ಆಸ್ತುರಿಯಾಸ್ ಪ್ರಾಂತದ ಈ ತರುಣ ತರಬೇತುದಾರ 2005-06ರಲ್ಲಿ ತಂಡವನ್ನು ಎರಡನೆಯ ದರ್ಜೆಯ ಚಾಂಪಿಯನ್ ಮಾಡಿದ. ನೈಜೀರಿಯಾದ ಇಕೆಚುಕ್ವು ಉಚೆ 20 ಗೋಲು ಹೊಡೆದು ಆ ದರ್ಜೆಯ ಅಗ್ರ ಗೋಲುಗಾರನಾದ. ಮರುವರ್ಷಕ್ಕೆ ಲಿವರ್‌ಪೂಲಿನಿಂದ ಎರವಲಾಗಿ ಫ್ರಾನ್ಸಿನ ಸಿನಾಮಾ ಪೊಂಗೋಲ್ ಬಂದ. ವಿಲ್ಯಾರಿಯಲ್‌ನಿಂದ ಇಪ್ಪತ್ತೊಂದರ ಹರೆಯದ ಸಾಂತಿ ಕಜೋರ್ಲಾ ಬಂದ. ಎರಡೇ ವರ್ಷದಲ್ಲಿ ಅವನು ಯುರೋಪ್ ಚಾಂಪಿಯನ್ ಆದ ಸ್ಪೇನ್ ತಂಡದಲ್ಲಿದ್ದ. ಹಣವುಳ್ಳ ಕ್ಲಬ್ಬುಗಳು ಇನ್ನೂ ಗುರುತಿಸದ ಆಟಗಾರರನ್ನು ಗುರುತಿಸುವುದು, ಚೆಂಡು ಕೈತಪ್ಪಿದಾಗ ಎರಡು ಬಿಗಿ ಸಾಲಾಗಿ ನಿಲ್ಲುವುದು, ಸಿಕ್ಕ ಕ್ಷಣ ಅಂಚುಗಳಿಂದ ನುಗ್ಗುವುದು: ಮಾರ್ಸೆಲಿನೊನ ಆಟದ ರೀತಿ ಆಗಲೇ ರೂಪುಗೊಂಡಿತ್ತು. 2006ರ ಡಿಸೆಂಬರ್ 20ರ ರಾತ್ರಿ ಬರ್ನಬ್ಯೂ ಕ್ರೀಡಾಂಗಣದಲ್ಲಿ ಅದು ಫಲ ಕೊಟ್ಟಿತು. ಆ ಋತುವಿನ ಕೊನೆಗೆ ಲೀಗ್ ಗೆಲ್ಲಲಿದ್ದ ಫಾಬಿಯೊ ಕಪೆಲ್ಲೊನ ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ಮನೆಯಲ್ಲೇ ರೆಕ್ರೆ 3-0ಯಿಂದ ಸೋಲಿಸಿತು. ಗೋಲು ಹೊಡೆದವರು ಸಿನಾಮಾ ಪೊಂಗೋಲ್, ಉಚೆ ಮತ್ತು ವಿಕೇರಾ. ಈ ಗೆಲುವನ್ನು ಊರು ಕುಣಿದು ಸಂಭ್ರಮಿಸಲಾಗಲಿಲ್ಲ. ಪಂದ್ಯಕ್ಕೆಂದು ಹೊರಟಿದ್ದ ಅಭಿಮಾನಿಗಳ ಬಸ್ಸೊಂದು ದಾರಿಯಲ್ಲಿ ಅಪಘಾತಕ್ಕೀಡಾಗಿ ಜೀವಗಳು ಹೋಗಿದ್ದವು. ಆಟಗಾರರು ಗೆಲುವನ್ನು ಸತ್ತವರಿಗೆ ಅರ್ಪಿಸಿದರು. ಆ ಋತುವನ್ನು ತಂಡ ಎಂಟನೆಯ ಸ್ಥಾನದಲ್ಲಿ ಮುಗಿಸಿತು. ಕ್ಲಬ್ಬಿನ ಚರಿತ್ರೆಯಲ್ಲಿ ಇದಕ್ಕಿಂತ ಮೇಲಿನ ಸ್ಥಾನ ಇಲ್ಲ.

ಸಣ್ಣ ಕ್ಲಬ್ಬಿನ ಯಶಸ್ಸಿಗೆ ಆಯುಸ್ಸು ಕಡಿಮೆ, ಯಾಕೆಂದರೆ ಯಶಸ್ಸೇ ಅದನ್ನು ಮಾರುಕಟ್ಟೆಗೆ ತರುತ್ತದೆ. ಆ ಬೇಸಿಗೆಯಲ್ಲಿ ಮಾರ್ಸೆಲಿನೊ ಸಾಂತಾಂದೇರ್‌ನ ರೇಸಿಂಗ್ ತಂಡಕ್ಕೆ ಹೋದ, ಉಚೆ ಗೆಟಾಫೆಗೆ, ಕಜೋರ್ಲಾ ತನ್ನ ಹಳೆಯ ತಂಡಕ್ಕೆ. ಮುಂದಿನ ವರ್ಷ ಹದಿನಾರನೆಯ ಸ್ಥಾನ, ಅದರ ಮುಂದಿನ ವರ್ಷ ಇಪ್ಪತ್ತನೆಯದು. 2009ರಲ್ಲಿ ಮೊದಲ ದರ್ಜೆಯಿಂದ ಇಳಿದ ಮೇಲೆ ರೆಕ್ರೆ ಮತ್ತೆ ಅಲ್ಲಿಗೆ ಹೋಗಿಲ್ಲ.

ಆಟದ ಕುಸಿತಕ್ಕಿಂತ ಲೆಕ್ಕದ ಕುಸಿತ ಆಳವಾಗಿತ್ತು. ಇದನ್ನು ತಿಳಿಯಲು ಸ್ಪೇನಿನ ಒಂದು ಕಾನೂನನ್ನು ನೋಡಬೇಕು. 1990ರ ಕ್ರೀಡಾ ಕಾಯಿದೆ ವೃತ್ತಿಪರ ಲೀಗಿನ ಕ್ಲಬ್ಬುಗಳು ಸದಸ್ಯರ ಸಂಘಗಳಾಗಿ ಉಳಿಯದೆ ಷೇರು ಕಂಪನಿಗಳಾಗಬೇಕೆಂದು ವಿಧಿಸಿತು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಥ್ಲೆಟಿಕ್ ಮತ್ತು ಒಸಾಸುನಾ ಮಾತ್ರ ವಿನಾಯಿತಿ ಪಡೆದವು. ಸಾಲದ ಹೊಣೆಯನ್ನು ಯಾರಾದರೂ ಹೊರಲಿ ಎಂಬುದು ಕಾಯಿದೆಯ ಆಶಯ. ಆದದ್ದು ಬೇರೆ. ಸದಸ್ಯರ ಕೈಯಲ್ಲಿದ್ದ ಸಂಸ್ಥೆಗಳು ಮಾರಬಹುದಾದ ಸರಕಾದವು. ಕೊಂಡವರಲ್ಲಿ ಎಲ್ಲರಿಗೂ ಊರಿನ ಮೇಲೆ ಮಮತೆಯಿರಲಿಲ್ಲ. ಹುವೆಲ್ವಾದಲ್ಲಿ ಬಹುಪಾಲು ಷೇರು ಮೊದಲಿಗೆ ನಗರಸಭೆಯ ಬಳಿಯೇ ಇತ್ತು. 2010ರ ಹೊತ್ತಿಗೆ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕ್ಲಬ್ಬು ನ್ಯಾಯಾಲಯದ ಮೊರೆಹೊಕ್ಕಿತ್ತು. ಆಮೇಲೆ ಷೇರು ಖಾಸಗಿ ಕಂಪನಿಯೊಂದಕ್ಕೆ ಹೋಯಿತು. ತೆರಿಗೆ ಬಾಕಿ, ಸಾಮಾಜಿಕ ಭದ್ರತೆಯ ಬಾಕಿ, ಆಟಗಾರರ ಸಂಬಳದ ಬಾಕಿ ಒಂದರ ಮೇಲೊಂದು ಬೆಳೆದವು. 2015ರಲ್ಲಿ ತಂಡ ಮೂರನೆಯ ದರ್ಜೆಗೆ ಇಳಿಯಿತು. ಅದೇ ವರ್ಷ ಊರಿನ ಮಹಿಳಾ ತಂಡವಾದ ಸ್ಪೋರ್ಟಿಂಗ್ ದೆ ಹುವೆಲ್ವಾ ರಾಣಿಯ ಕಪ್ಪನ್ನು ಗೆದ್ದಿತು ಎಂಬುದನ್ನು ಇಲ್ಲಿ ಹೇಳದೆ ಬಿಡಬಾರದು. ಗಂಡಸರ ತಂಡ ನೂರಕ್ಕೂ ಹೆಚ್ಚು ವರ್ಷದಲ್ಲಿ ತರಲಾಗದ ರಾಷ್ಟ್ರೀಯ ಕಪ್ಪನ್ನು ಹುವೆಲ್ವಾಕ್ಕೆ ತಂದವರು ಅವರು.

2016ರ ಬೇಸಿಗೆಗೆ ರೆಕ್ರೆ ಮುಚ್ಚಿಹೋಗುವ ಅಂಚಿಗೆ ಬಂದಿತ್ತು. ಅಭಿಮಾನಿಗಳು ಬೀದಿಗಿಳಿದರು, ಬಾಕಿ ತೀರಿಸಲು ಚಂದಾ ಎತ್ತಿದರು. ಸ್ಪೇನಿನ ಹಲವು ಊರುಗಳಲ್ಲಿ ಇಂಥ ಸಂದರ್ಭದಲ್ಲಿ ಹಳೆಯ ಕ್ಲಬ್ಬು ಸಾಲದೊಡನೆ ಮುಳುಗಿ, ಅಭಿಮಾನಿಗಳು ಬೇರೆ ಹೆಸರಿನಲ್ಲಿ ಹೊಸದೊಂದನ್ನು ಕೆಳಗಿನ ದರ್ಜೆಯಿಂದ ಶುರುಮಾಡಿದ್ದುಂಟು. ಸಲಮಾಂಕಾದಲ್ಲಿ 2013ರಲ್ಲಿ ಆದದ್ದು ಹಾಗೆಯೇ. ಹುವೆಲ್ವಾಕ್ಕೆ ಆ ದಾರಿ ಇರಲಿಲ್ಲ. ಹೊಸ ಕ್ಲಬ್ಬು ಕಟ್ಟಿದರೆ 1889 ಅದರದ್ದಾಗುವುದಿಲ್ಲ, ಆ ವರ್ಷ ಬಿಟ್ಟರೆ ಕ್ಲಬ್ಬಿನ ಬಳಿ ಬೇರೆ ಆಸ್ತಿಯೂ ಇರಲಿಲ್ಲ. ಆಗ ನಗರಸಭೆ ಮತ್ತು ಆಂಡಲೂಸಿಯಾ ಪ್ರಾಂತ ಸರ್ಕಾರ ಹಿಡಿದ ಹಾದಿ ಸ್ಪೇನಿನ ಫುಟ್‌ಬಾಲಿನಲ್ಲಿ ಹಿಂದೆ ಇಲ್ಲದ್ದು. ಹಳೆಯ ಕೋಟೆ, ಗುಡಿ, ಜಾನಪದ ಆಚರಣೆಗಳನ್ನು ರಕ್ಷಿಸಲೆಂದು ಇರುವ ಪರಂಪರೆಯ ಕಾನೂನಿನಡಿ ಈ ಕ್ಲಬ್ಬನ್ನು ‘ಸಾಂಸ್ಕೃತಿಕ ಮಹತ್ವದ ಆಸ್ತಿ’ ಎಂದು ಘೋಷಿಸಲಾಯಿತು. ಸಂರಕ್ಷಣೆಗೆ ಒಳಪಟ್ಟ ಆಸ್ತಿಯನ್ನು ಒಡೆಯ ಹಾಳುಗೆಡವುತ್ತಿದ್ದರೆ ಸಾರ್ವಜನಿಕ ಸಂಸ್ಥೆ ಅದನ್ನು ವಶಪಡಿಸಿಕೊಳ್ಳಬಹುದು. ಅದೇ ನೆಲೆಯ ಮೇಲೆ ನಗರಸಭೆ ಖಾಸಗಿ ಒಡೆತನದ ಷೇರುಗಳನ್ನು ಸ್ವಾಧೀನ ಮಾಡಿಕೊಂಡಿತು. ಹಳೆಯ ಕಲ್ಲುಕಟ್ಟಡಕ್ಕೆ ಅನ್ವಯಿಸುವ ನಿಯಮವನ್ನು ಹನ್ನೊಂದು ಜನರ ತಂಡಕ್ಕೆ ಅನ್ವಯಿಸಿದ ಈ ಜಾಣತನದಲ್ಲಿ ಕಾನೂನಿನಷ್ಟೇ ರಾಜಕೀಯವೂ ಇತ್ತು. ತೆರಿಗೆದಾರರ ಹಣದಲ್ಲಿ ಒಂದು ಫುಟ್‌ಬಾಲ್ ಕಂಪನಿಯ ಸಾಲವನ್ನು ಹೊರುವುದು ಸರಿಯೇ ಎಂಬ ಪ್ರಶ್ನೆ ಅಂದೇ ಎದ್ದಿತ್ತು, ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಮಾರಾಟಕ್ಕೆ ಇಟ್ಟ ಮೇಲೆ ಹಾಳಾದದ್ದನ್ನು ಮಾರಾಟದಿಂದಲೇ ಸರಿಪಡಿಸಬಹುದೆಂಬ ನಂಬಿಕೆ ಅದಕ್ಕಿಂತ ಗಟ್ಟಿಯಾದ ಉತ್ತರವಾಗಿರಲಿಲ್ಲ.

  

ವಶಪಡಿಸಿಕೊಂಡ ಮಾತ್ರಕ್ಕೆ ಕಷ್ಟ ಮುಗಿಯಲಿಲ್ಲ. 2018ರಲ್ಲಿ ನಗರಸಭೆ ಷೇರುಗಳನ್ನು ಇನ್ನೊಂದು ಖಾಸಗಿ ಕೈಗೆ ಕೊಟ್ಟು ನೋಡಿತು. ಅದು ಬಾಳಲಿಲ್ಲ, ಕ್ಲಬ್ಬು ಮತ್ತೆ ನಗರಸಭೆಯ ಮಡಿಲಿಗೇ ಬಂತು. 2018-19ರಲ್ಲಿ ಮೂರನೆಯ ದರ್ಜೆಯ ತನ್ನ ಗುಂಪಿನಲ್ಲಿ ಮೊದಲ ಸ್ಥಾನ ಪಡೆದರೂ ಬಡ್ತಿಯ ನಿರ್ಣಾಯಕ ಪಂದ್ಯಗಳಲ್ಲಿ ಮೊದಲು ಫ್ಯುಯೆನ್ಲಾಬ್ರಾದಾ, ಆಮೇಲೆ ಮಿರಾಂದೆಸ್ ತಂಡಕ್ಕೆ ಸೋತಿತು. ಆ ಎರಡು ಸೋಲಿನ ಬೆಲೆ ಬೇಗನೆ ಗೊತ್ತಾಯಿತು. ಸ್ಪೇನಿನ ಫೆಡರೇಶನ್ 2021ರಲ್ಲಿ ಕೆಳದರ್ಜೆಗಳನ್ನು ಮರುಜೋಡಿಸಿತು. ಎರಡನೆಯ ದರ್ಜೆಯ ಕೆಳಗೆ ಇಪ್ಪತ್ತಿಪ್ಪತ್ತು ತಂಡಗಳ ಎರಡು ಗುಂಪುಗಳ ‘ಪ್ರಿಮೇರಾ ಫೆಡರೇಶನ್’ ಎಂಬ ಹೊಸ ಮೆಟ್ಟಿಲು ಬಂತು, ಅದರ ಕೆಳಗೆ ‘ಸೆಗುಂದಾ ಫೆಡರೇಶನ್’, ಇನ್ನೂ ಕೆಳಗೆ ‘ತೆರ್ಸೇರಾ’. 2020-21ರಲ್ಲಿ ಕಳಪೆಯಾಗಿ ಆಡಿದ ರೆಕ್ರೆ ಒಂದೇ ಸಲಕ್ಕೆ ಎರಡು ಮೆಟ್ಟಿಲು ಜಾರಿ ಐದನೆಯ ದರ್ಜೆಗೆ ಬಿದ್ದಿತು. ರಿಯಲ್ ಮ್ಯಾಡ್ರಿಡನ್ನು ಅದರ ಅಂಗಳದಲ್ಲಿ ಸೋಲಿಸಿ ಹದಿನೈದು ವರ್ಷವೂ ಆಗಿರಲಿಲ್ಲ, ತಂಡ ಆಂಡಲೂಸಿಯಾದ ಸಣ್ಣ ಪಟ್ಟಣಗಳ ಮೈದಾನ ಸುತ್ತುತ್ತಿತ್ತು.

ಅಷ್ಟಾದರೂ ಪ್ರೇಕ್ಷಕರು ಕೈಬಿಡಲಿಲ್ಲ. ಐದನೆಯ ದರ್ಜೆಯ ಆಟಕ್ಕೆ ಇಪ್ಪತ್ತೊಂದು ಸಾವಿರ ಆಸನದ ಕ್ರೀಡಾಂಗಣ ಅತಿ ದೊಡ್ಡದು. ಆದರೂ ಆ ದರ್ಜೆಯ ಬೇರೆ ತಂಡಗಳು ಕನಸಿನಲ್ಲೂ ಕಾಣದಷ್ಟು ಜನ ಅಲ್ಲಿ ಸೇರುತ್ತಿದ್ದರು. 2022ರಲ್ಲಿ ಒಂದು ಮೆಟ್ಟಿಲು, 2023ರಲ್ಲಿ ಇನ್ನೊಂದು ಏರಿ ತಂಡ ಮತ್ತೆ ಮೂರನೆಯ ದರ್ಜೆ ಸೇರಿತು. ಅಲ್ಲಿ ಎರಡು ವರ್ಷ ನಿಂತು 2024-25ರ ಕೊನೆಗೆ ಪುನಃ ಕೆಳಗಿಳಿಯಿತು. 2025-26ರ ಋತುವನ್ನು ಸ್ಪೇನಿನ ಅತಿ ಹಳೆಯ ಕ್ಲಬ್ಬು ಆರಂಭಿಸಿದ್ದು ದೇಶದ ನಾಲ್ಕನೆಯ ದರ್ಜೆಯಲ್ಲಿ, ತೊಂಬತ್ತು ತಂಡಗಳ ‘ಸೆಗುಂದಾ ಫೆಡರೇಶನ್’ನ ಐದು ಗುಂಪುಗಳಲ್ಲೊಂದರಲ್ಲಿ.